ಹೈಫಾ ಎಂದು ಬರೆದಿರುವ ಫೋಟೊ ಹೈಫಾದ್ದೇ?

ಪ್ರಶ್ನೆ: ಸರ್, ನಮ್ಮ ಮುತ್ತಾತ ಮೈಸೂರು ಸಂಸ್ಥಾನದ ಕುದುರೆದಂಡಾದ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದವರು. ಮೊದಲ ಮಹಾಯುದ್ಧದಲ್ಲಿ ಈಜಿಪ್ಟ್, ಪ್ಯಾಲೆಸ್ಟೈನ್ ಕಡೆ ಹೋಗಿ ಬಂದರೆಂದು ಮನೆಯಲ್ಲಿ ಕೇಳುತ್ತಲೇ ಬೆಳೆದೆವು. ಈಚೆಗೆ ಊರಿನ ಹಳೇ ಮನೆ ಕೆಡವುವಾಗ ಅಟ್ಟದ ಟ್ರಂಕಿನಲ್ಲಿ ಒಂದು ಫೋಟೊ ಸಿಕ್ಕಿದೆ. ಭರ್ಜಿ ಹಿಡಿದ ಸವಾರರು ಕುದುರೆಗಳನ್ನು ನಾಗಾಲೋಟದಲ್ಲಿ ಓಡಿಸುತ್ತಿದ್ದಾರೆ. ಹಿಂದುಗಡೆ ಇಂಗ್ಲಿಷಿನಲ್ಲಿ ‘ಹೈಫಾ, 23 ಸೆಪ್ಟೆಂಬರ್ 1918’ ಎಂದು ಬರೆದಿದೆ. ಪತ್ರಿಕೆಗೆ ಕೊಡೋಣ, ಮ್ಯೂಸಿಯಂಗೆ ಕೊಡೋಣ ಎಂದು ಚಿಕ್ಕಪ್ಪ ಹೇಳುತ್ತಾರೆ. ‘ಯುದ್ಧದ ಫೋಟೊ ಅಂತ ಓಡಾಡುವುದರಲ್ಲಿ ಅರ್ಧ ನಾಟಕ, ಇನ್ನರ್ಧ ಕಂಪ್ಯೂಟರ್ ಕೈವಾಡ, ಸುಮ್ಮನೆ ನಗೆಪಾಟಲಾಗಬೇಡಿ’ ಅಂತ ಸೋದರಮಾವನ ಮಗ. ಯಾರ ಮಾತು ನಂಬಲಿ? ಇಂಥದ್ದನ್ನು ನೀವು ಹೇಗೆ ಪರೀಕ್ಷೆ ಮಾಡುತ್ತೀರಿ? ಎರಡೂ ಬದಿಯ ಸ್ಕ್ಯಾನ್ ಕಳಿಸಿದ್ದೇನೆ.
ಓದುಗರು, ಮೈಸೂರು

ಉತ್ತರ: ನಿಮ್ಮ ಸ್ಕ್ಯಾನುಗಳನ್ನು ನಿಧಾನವಾಗಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಚಿಕ್ಕಪ್ಪ ಹೇಳುವಂತೆ ಇದು ಪ್ಯಾಲೆಸ್ಟೈನಿನ ಹೈಫಾ ಊರಿನ ಮೇಲೆ ನಡೆದ ದಾಳಿಯ ಚಿತ್ರವಲ್ಲ. ನಿಮ್ಮ ಮಾವನ ಮಗ ಹೇಳುವಂತೆ ನಕಲಿಯೂ ಅಲ್ಲ. ಈ ಎರಡರ ನಡುವೆ ಬೇಕಾದಷ್ಟು ಜಾಗವಿದೆ. ಯುದ್ಧಕಾಲದ್ದೆಂದು ಎಲ್ಲೋ ಟ್ರಂಕಿನಲ್ಲಿ, ಹರಾಜಿನಲ್ಲಿ, ಹಳೇ ಸಾಮಾನಿನ ಅಂಗಡಿಯಲ್ಲಿ ಸಿಗುವ ಫೋಟೊಗಳಲ್ಲಿ ಹೆಚ್ಚಿನವು ಆ ಜಾಗದಲ್ಲೇ ಬರುತ್ತವೆ.

‘ಈ ಫೋಟೊ ನಿಜವೋ ಸುಳ್ಳೋ’ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಫೋಟೊ ಏನನ್ನೂ ಹೇಳಿಕೊಳ್ಳುವುದಿಲ್ಲ, ಅದರ ಪರವಾಗಿ ಹೇಳುವವರು ನಾವು. ಇದು 1918ರ ಕಾಗದ ಎನ್ನುವುದು ಒಂದು ಮಾತು. ಇದರಲ್ಲಿರುವವರು ಮೈಸೂರಿನವರು ಎನ್ನುವುದು ಇನ್ನೊಂದು. ಇದು ಹೈಫಾ ಎನ್ನುವುದು ಮೂರನೆಯದು, ದಾಳಿ ನಡೆಯುತ್ತಿದ್ದಾಗಲೇ ತೆಗೆದದ್ದು ಎನ್ನುವುದು ನಾಲ್ಕನೆಯದು. ಒಂದು ನಿಜವಾದರೆ ಉಳಿದ ಮೂರೂ ತಾವಾಗಿ ನಿಜವಾಗುವುದಿಲ್ಲ. ಒಂದು ಸುಳ್ಳಾದರೆ ಎಲ್ಲವೂ ಬಿದ್ದುಹೋಗುವುದೂ ಇಲ್ಲ. ಮನೆಮಂದಿ ಜಗಳವಾಡುವುದು, ದೊಡ್ಡ ದೊಡ್ಡ ಇತಿಹಾಸಕಾರರು ಜಗಳವಾಡಿದ್ದು ಕೂಡ, ಈ ನಾಲ್ಕನ್ನು ಒಂದೇ ಗಂಟು ಕಟ್ಟಿದ್ದರಿಂದ.

ನಮ್ಮ ದೇಶದಲ್ಲೇ ನಡೆದ ಒಂದು ಉದಾಹರಣೆ ಕೊಡುತ್ತೇನೆ. ಲಕ್ನೋದ ಸಿಕಂದರ್ ಬಾಗ್‌ನಲ್ಲಿ 1857ರ ನವೆಂಬರ್‌ನಲ್ಲಿ ಭೀಕರ ಕಾಳಗ ನಡೆಯಿತು, ಸುಮಾರು ಎರಡು ಸಾವಿರ ಸಿಪಾಯಿಗಳು ಸತ್ತರು. ಫೆಲಿಸ್ ಬೀಟೊ ಎಂಬ ಛಾಯಾಗ್ರಾಹಕ ತೆಗೆದ ಚಿತ್ರದಲ್ಲಿ ಆ ಕಟ್ಟಡದ ಮುಂದೆ ಮನುಷ್ಯರ ಮೂಳೆಗಳು ಚೆಲ್ಲಾಡಿವೆ. ಆದರೆ ಬೀಟೊ ಲಕ್ನೋಗೆ ಬಂದಿದ್ದೇ 1858ರ ಮಾರ್ಚ್ ಹೊತ್ತಿಗೆ. ಕಾಳಗ ಮುಗಿದು ನಾಲ್ಕು ತಿಂಗಳ ಮೇಲಾಗಿತ್ತು. ಹೂತಿದ್ದ ಮೂಳೆಗಳನ್ನು ಚಿತ್ರಕ್ಕಾಗಿ ಹೊರತೆಗೆಸಿ ಹರಡಿಸಿದರು ಎಂಬುದು ಇತಿಹಾಸಕಾರರ ಅಭಿಪ್ರಾಯ. ಕಟ್ಟಡ ಸುಳ್ಳಲ್ಲ, ಸತ್ತವರು ಸುಳ್ಳಲ್ಲ, ನೆಗೆಟಿವ್‌ನಲ್ಲಿ ಯಾವ ತಿದ್ದುಪಡಿಯೂ ಇಲ್ಲ. ಸುಳ್ಳು ಇರುವುದು ‘ಕಾಳಗ ಮುಗಿದ ಕೂಡಲೇ ಕಂಡ ನೋಟ’ ಎಂಬ ನಂಬಿಕೆಯಲ್ಲಿ ಮಾತ್ರ. ಸತ್ತವರ ಮೂಳೆಯನ್ನು ಹೀಗೆ ಬಳಸಿಕೊಂಡದ್ದು ನನಗೆ ಇಂದಿಗೂ ಸಂಕಟ ತರುತ್ತದೆ, ಆದರೆ ಚಿತ್ರವನ್ನು ಎಸೆಯಲು ಅದು ಕಾರಣವಲ್ಲ. ಗೆದ್ದವರು ಆ ಸಾವುಗಳನ್ನು ಹೇಗೆ ತೋರಿಸಲು ಬಯಸಿದರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ.

ಈಗ ನಿಮ್ಮ ಫೋಟೊಕ್ಕೆ ಬರೋಣ. ನಾನು ಯಾವಾಗಲೂ ಬೆನ್ನಿನಿಂದ ಶುರುಮಾಡುತ್ತೇನೆ. ಮುಂದಿನ ಚಿತ್ರ ಕಣ್ಣು ಕಟ್ಟುತ್ತದೆ, ಹಿಂಬದಿ ಅಷ್ಟು ಮೋಸ ಮಾಡುವುದಿಲ್ಲ. ನಿಮ್ಮದರ ಹಿಂಬದಿ ಪೋಸ್ಟ್‌ಕಾರ್ಡಿನದು. ನಡುವೆ ಗೆರೆ, ಬಲಕ್ಕೆ ವಿಳಾಸದ ಜಾಗ, ಸ್ಟಾಂಪಿನ ಚೌಕ. ಆ ಕಾಲದಲ್ಲಿ ಫೋಟೊ ಕಾಗದವನ್ನೇ ಪೋಸ್ಟ್‌ಕಾರ್ಡ್ ಅಳತೆಗೆ ಕತ್ತರಿಸಿ, ಹಿಂದೆ ಅಚ್ಚು ಹಾಕಿ ಮಾರುತ್ತಿದ್ದರು. ಸ್ಟುಡಿಯೊದವರು ನೆಗೆಟಿವ್‌ನಿಂದ ನೇರ ಅದರ ಮೇಲೇ ಪ್ರಿಂಟು ಹಾಕಿಕೊಡುತ್ತಿದ್ದರು. ಸಿಪಾಯಿಗಳು ಮನೆಗೆ ಕಳಿಸುತ್ತಿದ್ದುದು ಹೆಚ್ಚಾಗಿ ಇಂಥವನ್ನೇ. ಹಾಗಾಗಿ ವಸ್ತು ಆ ಕಾಲಕ್ಕೆ ಒಪ್ಪುತ್ತದೆ.

ಮುಂಬದಿಯ ಸ್ಕ್ಯಾನಿನಲ್ಲಿ ಅಂಚಿನುದ್ದಕ್ಕೂ, ಕಪ್ಪು ಹೆಚ್ಚಿರುವ ಕಡೆ, ನೀಲಿ ಬೆರೆತ ಬೆಳ್ಳಿಯ ಹೊಳಪು ಕಾಣುತ್ತಿದೆ. ಫೋಟೊವನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಇನ್ನೂ ಚೆನ್ನಾಗಿ ಕಾಣುತ್ತದೆ. ಫೋಟೊ ಪದರದಲ್ಲಿ ಚಿತ್ರ ಮೂಡಿಸುವ ಬೆಳ್ಳಿ ತೇವಕ್ಕೆ, ಗಾಳಿಗೆ ಕರಗಿ ದಶಕಗಳ ಕಾಲದಲ್ಲಿ ಮೇಲಕ್ಕೆ ಬಂದು ಕೂರುವುದರಿಂದ ಹೀಗಾಗುತ್ತದೆ. ಇವತ್ತು ಕಂಪ್ಯೂಟರಿನಿಂದ ಪ್ರಿಂಟ್ ತೆಗೆದು ಟೀ ನೀರಿನಲ್ಲಿ ಅದ್ದಿದರೆ ಈ ಹೊಳಪು ಬರುವುದಿಲ್ಲ. ಬಳಿಕ ಒಂದು ಭೂತಗನ್ನಡಿ ಹಿಡಿಯಿರಿ. ಸಣ್ಣ ಸಣ್ಣ ಚುಕ್ಕೆಗಳ ಸಾಲು ಕಂಡರೆ ಅದು ಪುಸ್ತಕದಿಂದಲೋ ಪತ್ರಿಕೆಯಿಂದಲೋ ಬಂದ ಮುದ್ರಣ. ಕಪ್ಪಿನಿಂದ ಬಿಳುಪಿಗೆ ಬಣ್ಣ ಕದಡದೆ ಇಳಿಯುತ್ತಿದ್ದರೆ ಅದು ನಿಜವಾದ ಫೋಟೊ ಪ್ರಿಂಟು.

ಇನ್ನೊಂದು ಪರೀಕ್ಷೆಯಿದೆ, ನೋಟು ಪರೀಕ್ಷಿಸುವ ನೇರಳೆ ದೀಪ ಇದ್ದರೆ ಮನೆಯಲ್ಲೇ ಮಾಡಬಹುದು. ಕಾಗದ ಬೆಳ್ಳಗೆ ಕಾಣಲೆಂದು ಫೋಟೊ ಕಾಗದಕ್ಕೆ ಹೊಳಪು ರಾಸಾಯನಿಕ ಬೆರೆಸುವ ರೂಢಿ ಬಂದದ್ದು ಸರಿಸುಮಾರು 1950ರ ದಶಕದಲ್ಲಿ. ಅಂಥ ಕಾಗದ ಆ ದೀಪದಡಿ ನೀಲಿಯಾಗಿ ಮಿಂಚುತ್ತದೆ, ಹಳೆಯದು ಮಂಕಾಗಿಯೇ ಇರುತ್ತದೆ. 1940ರಲ್ಲಿ ತೀರಿಕೊಂಡ ಅಮೆರಿಕದ ಛಾಯಾಗ್ರಾಹಕ ಲೂಯಿಸ್ ಹೈನ್ ಸ್ವತಃ ಹಾಕಿದ ಪ್ರಿಂಟುಗಳೆಂದು ಭಾರಿ ಬೆಲೆಗೆ ಮಾರಾಟವಾಗಿದ್ದ ಹಲವು ಫೋಟೊಗಳು ಸಿಕ್ಕಿಬಿದ್ದದ್ದರಲ್ಲಿ ಈ ಮಿಂಚಿನ ಪಾತ್ರ ದೊಡ್ಡದು. ಒಂದು ಎಚ್ಚರಿಕೆ: ಮಿಂಚಿದರೆ ಕಾಗದ ಈಚಿನದು ಎಂದು ಹೇಳಬಹುದು, ಮಿಂಚದಿದ್ದರೆ ಹಳೆಯದೇ ಎಂದು ಹೇಳುವಂತಿಲ್ಲ. ಈ ರಾಸಾಯನಿಕವಿಲ್ಲದ ಕಾಗದ ಆಮೇಲೂ ತಯಾರಾಗಿದೆ.

ಇಷ್ಟರ ಮಟ್ಟಿಗೆ ನಿಮ್ಮ ಫೋಟೊ ಗೆದ್ದಿದೆ. ತೊಡಕು ಶುರುವಾಗುವುದು ಆ ಬರವಣಿಗೆಯಿಂದ. ‘ಹೈಫಾ, 23 ಸೆಪ್ಟೆಂಬರ್ 1918’ ಎಂಬ ಅಕ್ಷರಗಳನ್ನು ದೊಡ್ಡದು ಮಾಡಿ ನೋಡಿ. ಗೆರೆ ಎಲ್ಲ ಕಡೆಯೂ ಒಂದೇ ದಪ್ಪ. ತಿರುವುಗಳಲ್ಲಿ ಶಾಯಿ ಸಣ್ಣ ಗಂಟುಕಟ್ಟಿದೆ. ಬೆರಳ ತುದಿಯಿಂದ ಮುಂಬದಿಯನ್ನು ಮೆಲ್ಲಗೆ ಸವರಿದರೆ ಒತ್ತು ತಾಕಿದ ಉಬ್ಬು ಸಿಗುತ್ತದೆ ಎಂದುಕೊಳ್ಳುತ್ತೇನೆ. ಇದು ಬಾಲ್ ಪೆನ್ನು. ನಿಬ್ಬಿನ ಪೆನ್ನಾಗಿದ್ದರೆ ಗೆರೆ ಏರಿಳಿಯುತ್ತಿತ್ತು, ಶಾಯಿ ಕಾಗದದೊಳಕ್ಕೆ ಹರಡುತ್ತಿತ್ತು. ಬಾಲ್ ಪೆನ್ನು ಜನರ ಜೇಬಿಗೆ ಬಂದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಅಂದರೆ ಈ ಸಾಲು ಬರೆದದ್ದು ಘಟನೆಯಾಗಿ ಕಡಿಮೆಯೆಂದರೂ ಸುಮಾರು ಮೂರು ದಶಕ ಕಳೆದ ಮೇಲೆ. ಬರೆದವರು ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ಮನೆಯ ಮಗನೋ ಮೊಮ್ಮಗನೋ ಹಿರಿಯರಿಂದ ಕೇಳಿದ್ದನ್ನು ಪ್ರೀತಿಯಿಂದ ಗುರುತು ಹಾಕಿಟ್ಟಿರಬಹುದು. ಆದರೆ ಅದು ಮನೆಯ ನೆನಪು, ಫೋಟೊದ ಹುಟ್ಟಿನ ದಾಖಲೆಯಲ್ಲ. ತಾರೀಖು ಅಷ್ಟು ಕರಾರುವಾಕ್ಕಾಗಿ ಇದ್ದಷ್ಟೂ ನನಗೆ ಅನುಮಾನ ಹೆಚ್ಚು. ಎಲ್ಲರಿಗೂ ಬಾಯಿಪಾಠವಾದ ಪ್ರಸಿದ್ಧ ತಾರೀಖು ಹಳೇ ಫೋಟೊಗಳಿಗೆ ಬಹಳ ಸುಲಭವಾಗಿ ಅಂಟಿಕೊಳ್ಳುತ್ತದೆ.

ಇನ್ನು ಚಿತ್ರದೊಳಗೆ ಹೋಗೋಣ. ಹೈಫಾ ದಾಳಿ ನಡೆದದ್ದು ಆ ದಿನ ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ. ಜೋಧಪುರ ಲ್ಯಾನ್ಸರ್ಸ್ ಕಾರ್ಮೆಲ್ ಬೆಟ್ಟಕ್ಕೂ ಕಿಶೋನ್ ನದಿಗೂ ನಡುವಿನ ಇಕ್ಕಟ್ಟಿನಲ್ಲಿ ನುಗ್ಗಿದರು. ನಮ್ಮ ಮೈಸೂರಿನವರಲ್ಲಿ ಒಂದು ಭಾಗ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳ ಮೇಲೆ ಬಿದ್ದಿತು, ಮಿಕ್ಕವರು ಕೆಳಗಿನ ದಾಳಿಯಲ್ಲಿ ಕೈಜೋಡಿಸಿದರು. ಎದುರಿಗೆ ತುರ್ಕಿ ಸೇನೆಯ ಮೆಷಿನ್ ಗನ್ನುಗಳು. ಸಂಜೆಯೊಳಗೆ ಊರು ಕೈಸೇರಿತು, 1,350 ಜನ ಸೆರೆಸಿಕ್ಕರು, ಈ ದಳಗಳಿದ್ದ ಬ್ರಿಗೇಡಿನ ಎಂಟು ಜನ ಸತ್ತರು.

ಸೆಪ್ಟೆಂಬರ್ 23 ಎಂದರೆ ಹಗಲು ರಾತ್ರಿ ಹೆಚ್ಚುಕಡಿಮೆ ಸಮನಾಗಿರುವ ದಿನ. ಹೈಫಾ ಇರುವುದು ಉತ್ತರ ಅಕ್ಷಾಂಶ ಸುಮಾರು 33 ಡಿಗ್ರಿಯಲ್ಲಿ. ಲೆಕ್ಕ ಹಾಕಿದರೆ ಆ ಹೊತ್ತಿಗೆ ಸೂರ್ಯ ದಿಗಂತದಿಂದ 45 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಅಂದರೆ ಸಮನೆಲದ ಮೇಲೆ ನಿಂತ ಮನುಷ್ಯನ ನೆರಳು ಅವನಷ್ಟೇ ಉದ್ದ. ನಿಮ್ಮ ಚಿತ್ರದ ಎಡ ಅಂಚಿನಲ್ಲಿ, ಅರ್ಧ ಕತ್ತರಿಸಿಹೋದ ಡೇರೆಯ ಪಕ್ಕ, ಒಬ್ಬ ಆಳು ಸುಮ್ಮನೆ ನಿಂತಿದ್ದಾನೆ ನೋಡಿ. ಅವನ ನೆರಳು ಅಡ್ಡಕ್ಕೆ ಬಿದ್ದಿದೆ, ನೆಲ ಅಲ್ಲಿ ಚಪ್ಪಟೆಯಾಗಿದೆ, ಅಳೆದರೆ ಅವನ ಎತ್ತರದ ಎರಡೂವರೆಯಷ್ಟು ಬರುತ್ತದೆ. ಸೂರ್ಯ ಇಪ್ಪತ್ತು ಚಿಲ್ಲರೆ ಡಿಗ್ರಿಯಲ್ಲಿದ್ದಾನೆ. ಬೆಳಗಿನ ಹೊತ್ತು, ಇಲ್ಲವೇ ಇಳಿಹೊತ್ತು. ಸೆಪ್ಟೆಂಬರಿನ ಮಧ್ಯಾಹ್ನ ಎರಡಂತೂ ಖಂಡಿತ ಅಲ್ಲ.

ನೆರಳಿಗಿಂತ ಹೆಚ್ಚಾಗಿ ಆ ಆಳೇ ನನಗೆ ಮುಖ್ಯ ಅನ್ನಿಸಿದ. ಕುದುರೆದಂಡು ಗುಂಡಿನ ಮಳೆಯೊಳಗೆ ನುಗ್ಗುತ್ತಿದ್ದರೆ ಅವನು ಡೇರೆಯ ಗೂಟದ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಿರಲಿಲ್ಲ. ಫೋಟೊ ತೆಗೆದವರ ಜಾಗವನ್ನೂ ಯೋಚಿಸಿ. ಸವಾರರು ಚಿತ್ರದಲ್ಲಿ ಕಾಣುವ ಅಳತೆ ನೋಡಿದರೆ ಕ್ಯಾಮೆರಾ ಅವರಿಂದ ಇಪ್ಪತ್ತು ಮೂವತ್ತು ಮೀಟರ್ ದೂರದಲ್ಲಿ, ಮಗ್ಗುಲಿಗೆ ನಿಂತಿದೆ. ಆ ಕಾಲದ ಸಿಪಾಯಿಯ ಜೇಬಿನಲ್ಲಿದ್ದ ಕ್ಯಾಮೆರಾ ಎಂದರೆ 1912ರಲ್ಲಿ ಬಂದ ವೆಸ್ಟ್ ಪಾಕೆಟ್ ಕೊಡಾಕ್. ಅದರ ಸಾಮಾನ್ಯ ಮಾದರಿಯ ಶಟರ್ ವೇಗ ಸೆಕೆಂಡಿನ ಐವತ್ತನೇ ಒಂದು ಭಾಗ. ನಾಗಾಲೋಟದ ಕುದುರೆ ಗಂಟೆಗೆ 40 ಕಿಲೊಮೀಟರ್ ವೇಗದಲ್ಲಿ ಓಡುತ್ತದೆ ಎಂದಿಟ್ಟುಕೊಂಡರೆ ಅಷ್ಟರೊಳಗೆ ಅದು ಒಂದು ಗೇಣಿನಷ್ಟು ಮುಂದೆ ಹೋಗಿರುತ್ತದೆ. ಮಗ್ಗುಲಿನಿಂದ, ಅಷ್ಟು ಹತ್ತಿರದಿಂದ ತೆಗೆದರೆ ಕಾಲುಗಳಿರಲಿ, ಸವಾರನ ಮುಖವೂ ಕಲಸಿಹೋಗಬೇಕು. ನಿಮ್ಮದರಲ್ಲಿ ಪೇಟದ ಸುತ್ತುಗಳೂ ಎಣಿಸುವಂತಿವೆ. ಅಂದರೆ ಒಳ್ಳೆಯ ವೇಗದ ಕ್ಯಾಮೆರಾ, ಅದನ್ನು ನಿಲ್ಲಿಸಿಕೊಂಡು ಕಾದಿದ್ದ ಕೈ, ‘ಇಲ್ಲಿಂದ ಹೀಗೆ ಓಡಿಸಿ’ ಎಂಬ ಏರ್ಪಾಡು. ಇದು ಕವಾಯತು ಅಥವಾ ಪ್ರದರ್ಶನ. ಮೈಸೂರು ಲ್ಯಾನ್ಸರ್ಸ್ 1914ರ ಕೊನೆಯಿಂದ ಈಜಿಪ್ಟಿನಲ್ಲಿ, ಸೂಯೆಜ್ ಕಾಲುವೆ ಕಾವಲಿನಲ್ಲಿದ್ದರು. ವರ್ಷಗಟ್ಟಲೆ ಡೇರೆವಾಸ, ನಡುನಡುವೆ ಪಂದ್ಯ, ತಪಾಸಣೆ. ಅಲ್ಲಿ ತೆಗೆದದ್ದಿರಬಹುದು, ಹೊರಡುವ ಮುನ್ನ ಬೆಂಗಳೂರಿನ ಮೈದಾನದಲ್ಲಿ ತೆಗೆದದ್ದೂ ಇರಬಹುದು. ಹಿಂದಿನ ದಿಬ್ಬದ ಆಕಾರ ಗುರುತು ಸಿಕ್ಕರೆ ಅದೂ ಬಿಡಿಸೀತು.

ದಿಬ್ಬದಿಂದ ಏನು ಗೊತ್ತಾಗುತ್ತದೆ ಎಂದು ಕೇಳಬೇಡಿ. ಯುದ್ಧ ಛಾಯಾಗ್ರಾಹಕ ರಾಬರ್ಟ್ ಕಾಪಾ 1936ರಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ತೆಗೆದ, ಗುಂಡೇಟು ತಿಂದು ಹಿಂದಕ್ಕೆ ಬೀಳುತ್ತಿರುವ ಸೈನಿಕನ ಚಿತ್ರ ನೋಡದವರು ಕಡಿಮೆ. ಅದು ಸೆರ್ರೊ ಮುರಿಯಾನೊ ಎಂಬಲ್ಲಿ ತೆಗೆದದ್ದೆಂದು ಎಷ್ಟೋ ದಶಕ ಎಲ್ಲರೂ ನಂಬಿದ್ದರು. ನಾಟಕ ಎನ್ನುವವರು, ನಿಜ ಎನ್ನುವವರು ಆ ಸೈನಿಕನ ಕೈಕಾಲು, ಬೀಳುವ ಭಂಗಿ ಹಿಡಿದು ವಾದಿಸುತ್ತಲೇ ಇದ್ದರು. 2009ರಲ್ಲಿ ಸ್ಪೇನಿನ ಪ್ರಾಧ್ಯಾಪಕ ಹೊಸೆ ಮಾನುಯೆಲ್ ಸುಸ್ಪೆರೆಗಿ ಸೈನಿಕನನ್ನು ಬಿಟ್ಟು ಅದೇ ಸರಣಿಯ ಬೇರೆ ಚಿತ್ರಗಳ ಹಿನ್ನೆಲೆಯ ಬೆಟ್ಟಸಾಲು ನೋಡಿದರು. ಆ ಸಾಲು ಸುಮಾರು 50 ಕಿಲೊಮೀಟರ್ ದೂರದ ಎಸ್ಪೆಹೊ ಊರಿನದೆಂದು ಗೊತ್ತಾಯಿತು. ಸೆಪ್ಟೆಂಬರ್ ಮೊದಲ ವಾರ ಆ ಊರಿನಲ್ಲಿ ಕಾಳಗವೇ ಇರಲಿಲ್ಲ ಎಂಬುದು ಅವರ ವಾದ. ಮನುಷ್ಯರನ್ನು ನಿಲ್ಲಿಸಬಹುದು, ಬೀಳಿಸಬಹುದು, ಬೆಟ್ಟವನ್ನು ಯಾರೂ ಸರಿಸಲಾರರು.

ಇದಕ್ಕೆ ಎರಡು ವರ್ಷ ಮುಂಚೆ, 2007ರ ಡಿಸೆಂಬರ್‌ನಲ್ಲಿ, ಕಳೆದುಹೋಗಿದ್ದ ಕಾಪಾ ನೆಗೆಟಿವ್‌ಗಳ ಪೆಟ್ಟಿಗೆಗಳು ಮೆಕ್ಸಿಕೊದಿಂದ ನ್ಯೂಯಾರ್ಕಿಗೆ ಬಂದಿದ್ದವು. ಮೂರು ಪೆಟ್ಟಿಗೆ, ಸುಮಾರು 4,500 ನೆಗೆಟಿವ್. ಈ ಚಿತ್ರದ ನೆಗೆಟಿವ್ ಅದರಲ್ಲಿದ್ದರೆ, ಅದರ ಹಿಂದಿನ ಮುಂದಿನ ಚೌಕಗಳು ಸಿಕ್ಕಿದರೆ, ವಾದವೇ ಮುಗಿಯುತ್ತಿತ್ತು. ಇರಲಿಲ್ಲ. ಆದರೆ ಅದೇ ಪೆಟ್ಟಿಗೆ ಇನ್ನೊಂದು ದೊಡ್ಡ ಕೆಲಸ ಮಾಡಿತು. ಕಾಪಾ ಹೆಸರಿನಲ್ಲಿ ಓಡಾಡುತ್ತಿದ್ದ ಕೆಲವು ಚಿತ್ರಗಳು ಅವನ ಸಂಗಾತಿ, 1937ರಲ್ಲಿ ಬ್ರುನೆಟೆ ಕಾಳಗದಲ್ಲಿ ಪ್ರಾಣ ಬಿಟ್ಟ ಗೆರ್ಡಾ ಟಾರೊ ತೆಗೆದವು ಎಂದು ರೋಲುಗಳ ಅನುಕ್ರಮದಿಂದಲೇ ಗೊತ್ತಾಯಿತು. ನಮ್ಮ ಕಸುಬಿನಲ್ಲಿ ಒಂಟಿ ಫೋಟೊ ಎಂದರೆ ಎಲ್ಲರಿಗೂ ಭಯ, ಅಕ್ಕಪಕ್ಕದ ಚೌಕಗಳಿರುವ ಫಿಲ್ಮ್ ಸುರುಳಿ ಎಂದರೆ ಜೀವ ಬಂದಂತೆ. ಅದಕ್ಕೇ ಕೇಳುತ್ತೇನೆ: ಆ ಟ್ರಂಕಿನಲ್ಲಿ ಬೇರೇನಿತ್ತು? ಫೋಟೊ ಯಾವುದರ ಜೊತೆ, ಯಾವ ಕವರಿನಲ್ಲಿತ್ತು? ಹಳೇ ಮನೆ ಕೆಡವುವ ಗಡಿಬಿಡಿಯಲ್ಲಿ ಮಿಕ್ಕಿದ್ದನ್ನು ಗುಜರಿಗೆ ಹಾಕಿಲ್ಲ ಎಂದು ನಂಬಿದ್ದೇನೆ.

ನಿಮ್ಮ ಚಿತ್ರದಂಥದ್ದೇ ಒಂದು ಪ್ರಸಿದ್ಧ ವಿವಾದ ಹೈಫಾದಿಂದ ಹೆಚ್ಚು ದೂರವಿಲ್ಲದ ಬೀರ್‌ಶೀಬಾದ್ದು. 1917ರ ಅಕ್ಟೋಬರ್ 31ರಂದು ಸಂಜೆ ಆಸ್ಟ್ರೇಲಿಯಾದ ಲೈಟ್ ಹಾರ್ಸ್ ದಳ ಅಲ್ಲಿ ದಾಳಿ ಮಾಡಿತು. ಕುದುರೆಗಳು ಸಾಲಾಗಿ ಕ್ಯಾಮೆರಾದತ್ತ ಧಾವಿಸುವ ಒಂದು ಫೋಟೊ ಆಸ್ಟ್ರೇಲಿಯಾದ ಯುದ್ಧ ಸ್ಮಾರಕ ಸಂಗ್ರಹದಲ್ಲಿದೆ. ದಾಳಿಯ ವೇಳೆ ಗುಡ್ಡದ ಮೇಲಿದ್ದ ತಾನೇ ಅದನ್ನು ತೆಗೆದೆ ಎಂದು ಒಬ್ಬ ಸೈನಿಕ ಹೇಳಿಕೊಂಡ. ಅಲ್ಲ, 1918ರ ಫೆಬ್ರವರಿಯಲ್ಲಿ ಬೆಲಾಹ್ ಎಂಬಲ್ಲಿ ಅಧಿಕೃತ ಛಾಯಾಗ್ರಾಹಕ ಫ್ರಾಂಕ್ ಹರ್ಲಿಗಾಗಿ ಅದೇ ಸವಾರರು ಮತ್ತೆ ದಾಳಿ ನಟಿಸಿದರಲ್ಲ, ಆಗಿನದು ಎಂದು ಹಲವು ಇತಿಹಾಸಕಾರರು ವಾದಿಸಿದರು. ದಶಕಗಳ ಕಾಲ ಜಗಳ ನಡೆಯಿತು. ನನಗೆ ಎರಡನೆಯವರ ವಾದವೇ ಗಟ್ಟಿ ಎನಿಸುತ್ತದೆ. ಸಂಜೆ ನಾಲ್ಕೂವರೆ ದಾಟಿದ ಮೇಲೆ, ಸೂರ್ಯ ಮುಳುಗಲು ಹತ್ತಿರವಾಗಿ, ದೂಳು ಎದ್ದಿದ್ದಾಗ, ಅಂದಿನ ಫಿಲ್ಮಿಗೆ ಆ ಓಟ ಹಿಡಿಯುವಷ್ಟು ಬೆಳಕು ಎಲ್ಲಿಂದ ಬರಬೇಕು? ಆದರೂ ಒಂದು ಮಾತು. ಹರ್ಲಿಗಾಗಿ ಓಡಿದವರೂ ನಿಜವಾದ ದಾಳಿಯಲ್ಲಿದ್ದ ದಳದವರೇ. ಚಿತ್ರದ ಕುದುರೆ, ಜೀನು, ಸವಾರಿಯ ರೀತಿ ಎಲ್ಲ ಅಸಲಿ. ದಳ ಹೇಗೆ ಓಡುತ್ತಿತ್ತು ಎಂಬುದಕ್ಕೆ ಅದು ಸಾಕ್ಷಿ, ಆ ಸಂಜೆ ಏನಾಯಿತು ಎಂಬುದಕ್ಕೆ ಅಲ್ಲ. ಹೈಫಾ ವಿಷಯದಲ್ಲೂ ನೋಡಿ, ಎಲ್ಲ ಕಡೆ ಬಳಸುವ ಚಿತ್ರದಲ್ಲಿ ಭಾರತೀಯ ಭರ್ಜಿ ಸವಾರರು ಊರಿನ ಬೀದಿಯಲ್ಲಿ ನಿಧಾನವಾಗಿ ಸಾಲಾಗಿ ಸಾಗುತ್ತಿದ್ದಾರೆ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಸಂಗ್ರಹದ ಆ ಚಿತ್ರ ಊರು ಕೈವಶವಾದ ಮೇಲಿನದು. ನಮ್ಮಲ್ಲಿ ಅದನ್ನೇ ‘ಹೈಫಾ ದಾಳಿ’ ಎಂದು ಪ್ರತಿ ಸೆಪ್ಟೆಂಬರ್‌ನಲ್ಲಿ ಹಂಚುತ್ತಾರೆ.

ಪೂರ್ತಿ ಕಟ್ಟುಕಥೆಯೂ ಆಗುವುದುಂಟು. 1930ರ ದಶಕದ ಆರಂಭದಲ್ಲಿ ಕಾಕ್‌ಬರ್ನ್-ಲ್ಯಾಂಗ್ ಎಂಬ ಹೆಸರಿನ ಹೆಂಗಸೊಬ್ಬರು, ಮೊದಲ ಮಹಾಯುದ್ಧದಲ್ಲಿ ಸತ್ತ ತನ್ನ ಪೈಲಟ್ ಗಂಡ ವಿಮಾನಕ್ಕೆ ಗುಟ್ಟಾಗಿ ಕ್ಯಾಮೆರಾ ಕಟ್ಟಿ ತೆಗೆದವೆಂದು ಆಕಾಶಕಾಳಗದ ಚಿತ್ರಗಳನ್ನು ಹೊರತಂದರು. ಒಂದೇ ಚೌಕದಲ್ಲಿ ನಾಲ್ಕೈದು ವಿಮಾನ, ಹೊತ್ತಿ ಉರಿಯುವ ರೆಕ್ಕೆ, ಕೆಳಗೆ ಬೀಳುತ್ತಿರುವ ಪೈಲಟ್. 1933ರಲ್ಲಿ ಪುಸ್ತಕವಾಗಿ ಬಂತು, ಲೇಖಕನ ಹೆಸರಿಲ್ಲದೆ. ಜನ ಮುಗಿಬಿದ್ದು ನೋಡಿದರು. ಅನುಮಾನಪಟ್ಟವರೂ ಇದ್ದರು, ಆದರೆ ಗಟ್ಟಿ ಉತ್ತರ ಸಿಕ್ಕಿದ್ದು 1984ರಲ್ಲಿ. ವೆಸ್ಲಿ ಡೇವಿಡ್ ಆರ್ಚರ್ ಎಂಬಾತನ ಸಾಮಗ್ರಿ ವಾಷಿಂಗ್ಟನ್‌ನ ವಾಯು-ಬಾಹ್ಯಾಕಾಶ ಮ್ಯೂಸಿಯಂ ಸೇರಿದಾಗ, ಆ ಚಿತ್ರಗಳ ಹುಟ್ಟು ಅದರಲ್ಲೇ ಸಿಕ್ಕಿತು. ಆರ್ಚರ್ ಸ್ವತಃ ಬ್ರಿಟಿಷ್ ವಾಯುದಳದಲ್ಲಿ ಹಾರಿದ್ದ ಅಮೆರಿಕನ್, ಆಮೇಲೆ ಸಿನಿಮಾಗಳಿಗೆ ಮಾದರಿ ವಿಮಾನ ಮಾಡುತ್ತಿದ್ದವನು. ಎಲ್ಲವೂ ಮಾದರಿಗಳು. ವಿಮಾನ ಬಲ್ಲವನು ಮಾಡಿದ್ದರಿಂದಲೇ ವಿವರಗಳು ಅಷ್ಟು ಚೆನ್ನಾಗಿದ್ದವು. ಆದರೆ ಆ ಕಾಲದ ನಿಜವಾದ ಆಕಾಶ ಚಿತ್ರಗಳನ್ನು ನೋಡಿದರೆ ಎದುರಾಳಿ ಸೊಳ್ಳೆಯಷ್ಟು ಚಿಕ್ಕದಾಗಿ ಎಲ್ಲೋ ಮೂಲೆಯಲ್ಲಿರುತ್ತಾನೆ. ಸಿಕ್ಕಿದ ಫೋಟೊ ಕಣ್ಣಿಗೆ ಹಬ್ಬವಾಗಿದ್ದರೆ, ನಮಗೆ ಬೇಕಾದ ಕ್ಷಣವನ್ನೇ ಬೇಕಾದ ಕೋನದಿಂದ ತೋರಿಸಿದರೆ, ಆಗ ಎರಡು ಪಟ್ಟು ಎಚ್ಚರ ಬೇಕು.

ಈಗ ನಿಮ್ಮ ಮಾವನ ಮಗನಿಗೆ ಒಂದೆರಡು ಮಾತು, ಯಾಕೆಂದರೆ ಅವನ ನಿಲುವು ಚಿಕ್ಕಪ್ಪನದಕ್ಕಿಂತ ನನ್ನನ್ನು ಹೆಚ್ಚು ಚಿಂತೆಗೀಡು ಮಾಡುತ್ತದೆ. ‘ಎಲ್ಲ ನಕಲಿ’ ಎನ್ನುವುದೂ ಒಂದು ಹೇಳಿಕೆಯೇ, ಅದಕ್ಕೂ ಪುರಾವೆ ಬೇಕು. ಜರ್ಮನಿಯಲ್ಲಿ 1995ರಿಂದ ಒಂದು ಪ್ರದರ್ಶನ ಊರೂರು ಸುತ್ತಿತು. ಯೆಹೂದಿಗಳ ಕೊಲೆಯಲ್ಲಿ, ನಾಗರಿಕರ ಕೊಲೆಯಲ್ಲಿ ನಾಜಿ ಎಸ್‌ಎಸ್ ಪಡೆ ಮಾತ್ರವಲ್ಲ, ಸಾಮಾನ್ಯ ಜರ್ಮನ್ ಸೇನೆಯೂ ಕೈಹಾಕಿತ್ತು ಎಂದು ತೋರಿಸಿದ ಪ್ರದರ್ಶನ ಅದು. 1999ರಲ್ಲಿ ಬೊಗ್ಡಾನ್ ಮುಸಿಯಾವ್ ಎಂಬ ಇತಿಹಾಸಕಾರ, ಕೆಲವು ಚಿತ್ರಗಳಲ್ಲಿರುವ ಹೆಣಗಳು ಜರ್ಮನ್ನರು ಕೊಂದವರದಲ್ಲ, ಅವರು ಬರುವ ಮುನ್ನ ಸೋವಿಯತ್ ಗುಪ್ತ ಪೊಲೀಸರು ಕೊಂದವರದು ಎಂದು ತೋರಿಸಿದರು. ಅವರು ಹೇಳಿದ್ದು ಸರಿಯಿತ್ತು. ಪ್ರದರ್ಶನ ನಿಂತಿತು. ‘ನೋಡಿ, ಎಲ್ಲ ಸುಳ್ಳು’ ಎಂದು ಕುಣಿದವರು ಬಹಳ ಮಂದಿ. ತಜ್ಞರ ಸಮಿತಿ ಒಂದೊಂದೇ ಚಿತ್ರ ಹಿಡಿದು ಪರೀಕ್ಷಿಸಿ 2000ದಲ್ಲಿ ವರದಿ ಕೊಟ್ಟಿತು. 1,433 ಚಿತ್ರಗಳಲ್ಲಿ ಅಲ್ಲಿ ಇರಬಾರದಿದ್ದವು ಇಪ್ಪತ್ತಕ್ಕೂ ಕಡಿಮೆ. ಪ್ರದರ್ಶನದ ಮೂಲ ವಾದ ನಿಂತಿತು. ಮುಸಿಯಾವ್ ಮಾಡಿದ್ದು ಸಂಶಯ, ಅದಕ್ಕೆ ನಾವೆಲ್ಲ ಋಣಿಗಳು. ಕುಣಿದವರು ಮಾಡಿದ್ದು ಬೇರೆಯೇ.

ಸಂಶಯದಿಂದ ಶುರುವಾಗಿ ನಿಜವೆಂದು ಸಾಬೀತಾದವೂ ಇವೆ. 2007ರ ಆರಂಭದಲ್ಲಿ ವಾಷಿಂಗ್ಟನ್‌ನ ಹೊಲೊಕಾಸ್ಟ್ ಮ್ಯೂಸಿಯಂಗೆ ಒಂದು ಆಲ್ಬಮ್ ಬಂತು. 1946ರಲ್ಲಿ ಫ್ರಾಂಕ್‌ಫರ್ಟಿನ ಮನೆಯೊಂದರಲ್ಲಿ ಸಿಕ್ಕಿದ್ದೆಂದು ಅಮೆರಿಕದ ನಿವೃತ್ತ ಸೇನಾಧಿಕಾರಿಯೊಬ್ಬರು ಕಳಿಸಿದ್ದರು. 116 ಫೋಟೊ, ಯಜಮಾನನ ಹೆಸರಿಲ್ಲ. ಎಸ್‌ಎಸ್ ಅಧಿಕಾರಿಗಳು ನಗುತ್ತಿದ್ದಾರೆ, ಅಕಾರ್ಡಿಯನ್ ನುಡಿಸುತ್ತಾ ಹಾಡುತ್ತಿದ್ದಾರೆ, ಹುಡುಗಿಯರು ಬಟ್ಟಲಿನಲ್ಲಿ ಹಣ್ಣು ತಿನ್ನುತ್ತಿದ್ದಾರೆ. ಮೊದಲ ಪುಟದಲ್ಲಿ ನಾಜಿಗಳ ಸಾವಿನ ಶಿಬಿರವಾದ ಔಷ್‌ವಿಟ್ಸ್‌ನ ಹೆಸರು, 21.6.44 ಎಂಬ ತಾರೀಖು ಇದೆ. ಅಂಥ ಚಿತ್ರಗಳು ಉಳಿದೇ ಇಲ್ಲ ಎನ್ನುವಂಥ ಸ್ಥಿತಿಯಲ್ಲಿ ಹೀಗೊಂದು ಬಂದರೆ ಯಾರಿಗೂ ನಂಬಿಕೆ ಬರುವುದಿಲ್ಲ. ಮ್ಯೂಸಿಯಂನವರು ಮುಖಗಳನ್ನು ಬೇರೆ ದಾಖಲೆಗಳ ಮುಖಗಳ ಜೊತೆ ಹೋಲಿಸಿದರು, ಸಮವಸ್ತ್ರದ ಪಟ್ಟಿಗಳನ್ನು ಬಡ್ತಿಯ ತಾರೀಖುಗಳ ಜೊತೆ ಇಟ್ಟು ನೋಡಿದರು. ಆಲ್ಬಮ್ಮಿನ ಯಜಮಾನ ಕಾರ್ಲ್ ಹ್ಯೋಕರ್, ಶಿಬಿರದ ಕಮಾಂಡೆಂಟನ ಸಹಾಯಕ. ಕೆಲವು ಚಿತ್ರಗಳಲ್ಲಿ, ಕೈದಿಗಳ ಮೇಲೆ ಕ್ರೂರ ಪ್ರಯೋಗ ಮಾಡಿದ ಶಿಬಿರದ ವೈದ್ಯ ಮೆಂಗೆಲೆ ನಿಂತಿದ್ದ. ಹಂಗೇರಿಯ ಯೆಹೂದಿಗಳನ್ನು ರೈಲುಗಟ್ಟಲೆ ತಂದು ಕೊಲ್ಲುತ್ತಿದ್ದ ಅದೇ ಬೇಸಿಗೆಯದು ಆ ನಗು. ಮೊದಲೇ ನಕಲಿ ಎಂದು ಬದಿಗಿಟ್ಟಿದ್ದರೆ ಈ ಸಾಕ್ಷಿ ಕಳೆದುಹೋಗುತ್ತಿತ್ತು.

ಕಂಪ್ಯೂಟರ್ ಕೈವಾಡದ ಮಾತು ಬಂದದ್ದರಿಂದ ಹೇಳುತ್ತೇನೆ. ಮೊಬೈಲಿನಲ್ಲಿ ಬರುವ ಚಿತ್ರಕ್ಕೆ ಅವನ ಭಯ ಸರಿ. ಬೆನ್ನಿಲ್ಲದ, ಅಂಚಿಲ್ಲದ, ಎಲ್ಲಿಂದ ಬಂತೆಂದು ತಿಳಿಯದ ಚಿತ್ರವನ್ನು ನಾನೂ ನಂಬುವುದಿಲ್ಲ. ಕೈಯಲ್ಲಿ ಹಿಡಿಯಬಹುದಾದ ನಿಮ್ಮ ಪ್ರಿಂಟು ಬೇರೆ. ಆದರೆ ನಿಮ್ಮಲ್ಲೇ ಯಾರೋ ಅದನ್ನು ಮುಖ ಸ್ಪಷ್ಟ ಮಾಡುವ ಆ್ಯಪಿಗೆ ಹಾಕಿ, ಬಣ್ಣ ತುಂಬಿ, ಕಣ್ಣು ಹುಬ್ಬು ಎದ್ದು ಕಾಣುವಂತೆ ಮಾಡಿದ ಪ್ರತಿಯನ್ನೂ ನನಗೆ ಕಳಿಸಿದ್ದೀರಿ. ದಯವಿಟ್ಟು ಅದನ್ನು ಗ್ರೂಪಿನಿಂದ ತೆಗೆಸಿ. ಆ ಕಣ್ಣುಹುಬ್ಬು ನಿಮ್ಮ ಮುತ್ತಾತನವಲ್ಲ, ಆ ಯಂತ್ರ ಕಲ್ಪಿಸಿದವು. ನಾಳೆ ಆ ಪ್ರತಿಯೇ ಮೂಲದ ಜಾಗದಲ್ಲಿ ಕೂತರೆ ಮುಂದಿನ ತಲೆಮಾರಿಗೆ ಯಾವುದು ಅಸಲಿ ಎಂದು ಯಾರು ಹೇಳಬೇಕು?

ಮುಂದೆ ಮಾಡಬೇಕಾದ್ದು ಇಷ್ಟು. ಲ್ಯಾಮಿನೇಷನ್ ಮಾಡಿಸಬೇಡಿ, ಗೋಂದು, ಸೆಲ್ಲೊಟೇಪು ಹತ್ತಿರಕ್ಕೂ ತರಬೇಡಿ. ಬಾಲ್ ಪೆನ್ನಿನ ಆ ಬರಹವನ್ನು ಅಳಿಸುವುದೂ ಬೇಡ, ಅದು ನಿಮ್ಮ ಮನೆಯ ನೆನಪಿನ ದಾಖಲೆ. ಎರಡೂ ಬದಿಯನ್ನು 1200 ಡಿಪಿಐನಲ್ಲಿ, ಅಂಚು ಕತ್ತರಿಸದೆ ಸ್ಕ್ಯಾನ್ ಮಾಡಿಸಿ. ಎಲ್ಲಿ, ಯಾವತ್ತು, ಯಾರ ಕೈಗೆ ಸಿಕ್ಕಿತು, ಪಕ್ಕದಲ್ಲಿ ಏನಿತ್ತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ತಾರೀಖು ಹಾಕಿಡಿ. ಮನೆಯಲ್ಲಿ ಯುದ್ಧದ ಪದಕಗಳಿದ್ದರೆ ಅವುಗಳ ಅಂಚನ್ನು ಓದಿ: ನಂಬರು, ದರ್ಜೆ, ಹೆಸರು, ದಳ ಕೆತ್ತಿರುತ್ತದೆ. ಆ ನಂಬರು ಸಿಕ್ಕರೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸಂಸ್ಥಾನದ ಸೈನ್ಯದ ಕಡತಗಳನ್ನು ಹುಡುಕಲು ದಾರಿಯಾಗುತ್ತದೆ. ಬ್ರಿಗೇಡಿನ ದಿನಚರಿಗಳು ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಆ ದಳ ಯಾವ ವಾರ ಎಲ್ಲಿ ಡೇರೆ ಹಾಕಿತ್ತು, ಯಾವ ದಿನ ತಪಾಸಣೆ ನಡೆಯಿತು ಎಂಬುದು ಅಂಥವುಗಳಲ್ಲಿ ಬರೆದಿರುತ್ತದೆ.

ಪತ್ರಿಕೆಗೆ, ಮ್ಯೂಸಿಯಂಗೆ ಕೊಡಬಹುದೇ ಎಂದರೆ, ಧಾರಾಳವಾಗಿ ಕೊಡಿ. ಅಡಿಬರಹ ಮಾತ್ರ ಹೀಗಿರಲಿ: ‘ಭರ್ಜಿ ಸವಾರರ ಕವಾಯತು ಅಥವಾ ಪ್ರದರ್ಶನ, ಸ್ಥಳ ಖಚಿತವಿಲ್ಲ, ಬಹುಶಃ ಮೊದಲ ಮಹಾಯುದ್ಧದ ಕಾಲ. ಹಿಂಬದಿಯಲ್ಲಿ ಬಹಳ ತಡವಾಗಿ ಬರೆದ ಹೈಫಾ ಎಂಬ ಟಿಪ್ಪಣಿ ಇದೆ. ಮೈಸೂರು ಲ್ಯಾನ್ಸರ್ಸ್ ಸವಾರರ ಕುಟುಂಬದ ಸಂಗ್ರಹ.’ ಚಿಕ್ಕಪ್ಪನವರಿಗೆ ಇದು ಸಪ್ಪೆ ಅನ್ನಿಸಬಹುದು. ಬಲಗಡೆಯಿಂದ ಎರಡನೇ ಸವಾರನನ್ನು ಅವರಿಗೆ ತೋರಿಸಿ. ಪೇಟದ ಕೆಳಗೆ ಮುಖ ಚೆನ್ನಾಗಿ ಕಾಣುತ್ತದೆ, ಎಡಗೈಯಲ್ಲಿ ಲಗಾಮು ಹಿಡಿದ ರೀತಿಯೂ ವಿಶೇಷವಾಗಿದೆ. ನಿಮ್ಮ ಮುತ್ತಾತನ ಬೇರೆ ಯಾವುದಾದರೂ ಫೋಟೊ, ಮದುವೆಯದೋ ಪಿಂಚಣಿ ಕಾಗದದ್ದೋ, ಇದ್ದರೆ ಅದರ ಸ್ಕ್ಯಾನ್ ಕಳಿಸಿ. ಕಿವಿಯ ಆಕಾರ, ದವಡೆಯ ಅಂಚು ಹೋಲಿಸಿ ನೋಡೋಣ.